ಹೊಸ ಹಾಡು ಬೇಕಾ? ಹಳೆಯದನ್ನೇ ಬಿಚ್ಚಿ ನೋಡಿ

ಶಿವಮೊಗ್ಗದಲ್ಲಿ ಚಿಕ್ಕದೊಂದು ರೆಕಾರ್ಡಿಂಗ್ ಸ್ಟುಡಿಯೊ ನಡೆಸುವ ನನಗೆ ಜನ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಹಾಡೊಂದಕ್ಕೆ ಎಷ್ಟಾಗುತ್ತೆ?’ ಇನ್ನೊಂದು, ‘ಏನಾದ್ರೂ ಹೊಸದು ಇದ್ರೆ ಹೇಳಿ ಸಾರ್, ಕೇಳಿದ್ದನ್ನೇ ಕೇಳಿ ಬೇಜಾರಾಗಿದೆ.’ ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಾನೇ ತಿರುಗಿ ಕೇಳುತ್ತೇನೆ: ‘ಈಗ ಇಷ್ಟವಾಗಿರೋ ಹಾಡು ಯಾವುದು? ಅದರಲ್ಲಿ ಯಾವ ಜಾಗ ಬಂದಾಗ ವಾಲ್ಯೂಮ್ ಜಾಸ್ತಿ ಮಾಡ್ತೀರಿ?’

ಬಹಳ ಜನ ಇಲ್ಲಿ ತಡವರಿಸುತ್ತಾರೆ. ‘ಹಾಡು ಚೆನ್ನಾಗಿದೆ ಅಷ್ಟೇ’ ಅಂತಾರೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಒಂದು ಹಾಡು ಅಂದರೆ ಹತ್ತಿಪ್ಪತ್ತು ಟ್ರ್ಯಾಕು. ಗಾಯಕರ ದನಿ ಒಂದು, ಕೋರಸ್ ಒಂದು, ಕೊಳಲು, ತಬಲಾ, ಕೀಬೋರ್ಡು, ಹಿಂದೆಲ್ಲೋ ತಂಬೂರಿ. ಒಂದೊಂದನ್ನೇ ಮ್ಯೂಟ್ ಮಾಡುತ್ತಾ ಹೋದರೆ ಯಾವುದೋ ಒಂದನ್ನು ತೆಗೆದಾಗ ‘ಅಯ್ಯೋ, ಹಾಡೇ ಹೋಯ್ತಲ್ಲ’ ಅನಿಸುತ್ತದೆ. ನಿಮ್ಮ ರುಚಿ ಕೂತಿರೋದು ಅಲ್ಲಿ. ಮನೆಯಲ್ಲಿ ಮ್ಯೂಟ್ ಮಾಡೋಕೆ ಆಗಲ್ಲ, ನಿಜ. ಆದರೆ ಕಿವಿಗೆ ಹೆಡ್‌ಫೋನ್ ಹಾಕಿ, ಒಂದು ಸಲ ಬರೀ ತಾಳವಾದ್ಯ, ಇನ್ನೊಂದು ಸಲ ಬರೀ ಮಾತು ಅಂತ ಕೇಳಬಹುದು. ಹೊಸದನ್ನು ಹುಡುಕೋ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒಂದು ಚೀಲ ಕ್ಯಾಸೆಟ್ ತಂದರು, ಪೆನ್‌ಡ್ರೈವಿಗೆ ಹಾಕಿಸೋಕೆ. ಕ್ಯಾಸೆಟ್‌ಗಳಿಗೆ ಮಲೆನಾಡಿನ ಥಂಡಿ ಆಗಿಬರಲ್ಲ. ರೀಲಿನ ಅಂಚಿಗೆ ಬಿಳೀ ಬೂಷ್ಟು ಹಿಡಿದಿರುತ್ತದೆ. ಹಾಗೇ ಪ್ಲೇಯರಿಗೆ ಹಾಕಿದರೆ ರೀಲನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಸ್ಕ್ರೂ ಬಿಚ್ಚಿ, ರೀಲು ಒರೆಸಿ, ಬೇರೆ ಡಬ್ಬಿಗೆ ಹಾಕಬೇಕು. ಆಮೇಲೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಚೂರುಚೂರೇ ತಿರುಗಿಸುತ್ತಾ ಕೂರಬೇಕು. ಸರಿಯಾದ ಜಾಗ ಸಿಕ್ಕಿತೋ, ಕಂಬಳಿ ಹೊದ್ದು ಮಾತಾಡಿದಂತಿದ್ದ ದನಿ ಥಟ್ಟನೆ ಸ್ವಚ್ಛವಾಗುತ್ತದೆ.

ಅಂಥ ಒಂದು ಕ್ಯಾಸೆಟ್‌ನಲ್ಲಿ ಅವರಿಗೆ ಪ್ರಾಣವಾದ ಭಾವಗೀತೆಯೊಂದು ಬಂತು. ಆ ಗಾಯಕರ ಹಾಡುಗಳನ್ನೆಲ್ಲ ಅವರು ಯೂಟ್ಯೂಬಿನಲ್ಲಿ ಜಾಲಾಡಿಬಿಟ್ಟಿದ್ದರು. ‘ಯಾವುದೂ ಇದರಷ್ಟು ಹಿಡಿಸಲಿಲ್ಲ ಮಾರಾಯ್ರೆ’ ಅಂದರು. ಯಾವ ಜಾಗ ಇಷ್ಟ ಅಂತ ಕೇಳಿದೆ. ಅವರು ಗುನುಗಿದ್ದು ಪಲ್ಲವಿಯನ್ನೂ ಅಲ್ಲ, ಚರಣವನ್ನೂ ಅಲ್ಲ, ಎರಡರ ನಡುವಿನ ಕೊಳಲಿನ ಬಿಜಿಎಂ! ಪಾಪ, ಇಷ್ಟು ವರ್ಷ ಗಾಯಕರ ಬೆನ್ನು ಹತ್ತಿದ್ದರು. ಬೇಕಿದ್ದದ್ದು ಕೊಳಲು.

ಅವರಿಗೆ ಒಂದು ಚೀಟಿ ಬರೆದುಕೊಟ್ಟೆ. ಮೊದಲು ಪನ್ನಾಲಾಲ್ ಘೋಷ್. ಉದ್ದನೆಯ ಬಿದಿರು ಕೊಳಲನ್ನು ಹಿಂದೂಸ್ತಾನಿ ಕಚೇರಿಗೆ ತಂದವರು ಅವರು. ಆಮೇಲೆ 1967ರ ‘ಕಾಲ್ ಆಫ್ ದಿ ವ್ಯಾಲಿ’. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳುವ ರೆಕಾರ್ಡು ಅದು. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಶಿವಕುಮಾರ್ ಶರ್ಮ ಅವರ ಸಂತೂರ್, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಈ ಗಿಟಾರನ್ನು ತಂತಿಯ ಮೇಲೆ ಕಂಬಿ ಜಾರಿಸುತ್ತಾ ನುಡಿಸುತ್ತಾರೆ. ಅದೂ ಹಿಡಿಸಿದರೆ ವಿಶ್ವಮೋಹನ್ ಭಟ್ ಅವರು ಗಿಟಾರನ್ನೇ ಮಾರ್ಪಡಿಸಿ ಮಾಡಿಕೊಂಡ ಮೋಹನ ವೀಣೆಗೆ ಹೋಗಬಹುದು. ಭಟ್ ಅವರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಕೂತು ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ 1993ರಲ್ಲಿ ಬಂತು, ಗ್ರ್ಯಾಮಿ ಗೆದ್ದಿತು. ಮರುವರ್ಷವೇ ಕೂಡರ್ ಆಫ್ರಿಕಾದ ಮಾಲಿ ದೇಶದ ಅಲಿ ಫರ್ಕಾ ತೂರೆ ಜೊತೆ ‘ಟಾಕಿಂಗ್ ಟಿಂಬಕ್ಟು’ ಮಾಡಿದರು.

ಸ್ವಲ್ಪ ದಿನ ಬಿಟ್ಟು ಫೋನ್ ಬಂತು. ಮಾಲಿಯವರೆಗೂ ಹೋಗಿ ಬಂದಿದ್ದರು! ‘ಎಂತ ಮಾರಾಯ್ರೆ, ನಮ್ಮಲ್ಲಿ ಏಕತಾರಿ ಹಿಡಿದು ತತ್ವಪದ ಹೇಳೋರ ಹಾಗೇ ಉಂಟಲ್ಲ.’ ಭಾಷೆ ಒಂದಕ್ಷರ ಗೊತ್ತಿಲ್ಲ. ಆದರೂ ದಾರಿ ತಪ್ಪಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಹಿಂದಿನದರ ಒಂದು ವಾದ್ಯವೋ ಒಬ್ಬ ಕಲಾವಿದರೋ ಜೊತೆಗಿದ್ದರು.

ಹೀಗೆ ಹೋಗೋಕೆ ಬೇಕಾದದ್ದು ಹಾಡಿನ ಹಿಂದಿನವರ ಹೆಸರು. ಕ್ಯಾಸೆಟ್ ಕಾಲದಲ್ಲಿ ಒಳಗೊಂದು ಮಡಚಿದ ಕಾಗದ ಇರುತ್ತಿತ್ತು, ಸಾಹಿತ್ಯ ಯಾರದು, ಸಂಗೀತ ಯಾರದು, ತಬಲಾ, ಕೊಳಲು ಯಾರು ಅಂತ. ಆ್ಯಪ್‌ಗಳಲ್ಲಿ ಈ ಕಾಗದ ಮಾಯವಾಗಿದೆ. ಪೂರ್ತಿ ಮಾಯವಾಗಿಲ್ಲ, ಅಡಗಿದೆ. ಸ್ಪಾಟಿಫೈಯಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ‘ಕ್ರೆಡಿಟ್ಸ್’ ಸಿಗುತ್ತದೆ. ಯೂಟ್ಯೂಬಿನಲ್ಲಿ ವಿಡಿಯೊ ಕೆಳಗಿನ ವಿವರಣೆ ಬಿಚ್ಚಿ ಓದಬೇಕು. ಕನ್ನಡದ ಹಾಡುಗಳಲ್ಲಿ ಈ ವಿವರ ಎಷ್ಟೋ ಸಲ ಅರೆಬರೆ ಇರುತ್ತದೆ. ಸಿ. ಅಶ್ವಥ್ ಅಂಥವರ ಹೆಸರಿಗೇ ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್. ಅದಕ್ಕೆ ಕನ್ನಡ ಲಿಪಿಯಲ್ಲೂ ಒಮ್ಮೆ ಹುಡುಕಿ. ಬೇರೆಯೇ ಪಟ್ಟಿ ಬರುತ್ತದೆ.

ಈ ವಿಷಯದಲ್ಲಿ ಆಕಾಶವಾಣಿಯವರ ಅಭ್ಯಾಸ ನನಗೆ ಬಹಳ ಇಷ್ಟ. ಭಾವಗೀತೆ ಹಾಕುವ ಮುಂಚೆ ಬರೆದವರು, ಸಂಗೀತ ಮಾಡಿದವರು, ಹಾಡಿದವರು, ಮೂರೂ ಹೆಸರು ಹೇಳುತ್ತಾರೆ. ಭದ್ರಾವತಿ ಕೇಂದ್ರ 103.5ರಲ್ಲಿ ಸಿಗುತ್ತದೆ. ಅಡುಗೆ ಮಾಡುವಾಗ ಹಾಕಿಟ್ಟು, ಹಿಡಿಸಿದ ಹಾಡಿನ ಹೆಸರನ್ನು ಕ್ಯಾಲೆಂಡರಿನ ಮೇಲೆ ಗೀಚಿಕೊಂಡರೂ ಸಾಕು. ರೇಡಿಯೊದಲ್ಲಿ ಇನ್ನೊಂದು ಲಾಭ ಇದೆ. ಮುಂದಿನ ಹಾಡು ನಿಮ್ಮ ಕೈಯಲ್ಲಿಲ್ಲ. ಬೇಡ ಅನಿಸಿದ ಹಾಡೂ ಎರಡನೇ ಚರಣದ ಹೊತ್ತಿಗೆ ಹಿಡಿಸಿಬಿಡಬಹುದು.

ಆ್ಯಪ್‌ನಲ್ಲಿ ಆಗೋದು ಇದಕ್ಕೆ ಉಲ್ಟಾ. ಅದು ಮುಖ್ಯವಾಗಿ ನೋಡೋದು, ನೀವು ಕೇಳಿದ್ದನ್ನೇ ಕೇಳಿದ ಬೇರೆಯವರು ಇನ್ನೇನು ಕೇಳಿದರು ಅಂತ. ಹಾಡಿನ ಲಯ, ದನಿಯ ಗುಣ ಇವನ್ನೂ ಅಳೆಯುತ್ತದೆ ಅನ್ನಿ. ಆದರೆ ನಿಮಗೆ ಯಾಕೆ ಇಷ್ಟವಾಯಿತು ಅಂತ ಅದಕ್ಕೆ ಗೊತ್ತಾಗಲ್ಲ, ನೀವು ನಿಲ್ಲಿಸಲಿಲ್ಲ ಅನ್ನೋದಷ್ಟೇ ಗೊತ್ತು. ಲಕ್ಷಾಂತರ ಜನ ಕೇಳುವ ಸಿನಿಮಾ ಹಾಡಿಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಕೆಲವೇ ಜನ ಕೇಳುವ ರಂಗಗೀತೆಗೋ, ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೋ ಲೆಕ್ಕ ಹಾಕೋಕೆ ಜನವೇ ಸಾಲದು.

ಜೊತೆಗೆ 30 ಸೆಕೆಂಡಿನ ಕಾಟ ಒಂದಿದೆ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡು ಓಡಿದ ಮೇಲೆಯೇ ಕೇಳಿದ ಲೆಕ್ಕ. ಹಾಗಾಗಿ ಈಗ ಸ್ಟುಡಿಯೊಗೆ ಬರುವ ಹುಡುಗರು ‘ಸಾರ್, ಶುರುವಿನ ಬಿಜಿಎಂ ಚಿಕ್ಕದು ಮಾಡಿ, ನೇರ ಪಲ್ಲವಿಗೆ ಬನ್ನಿ’ ಅಂತಾರೆ. ಅವರ ತಪ್ಪೇನಿಲ್ಲ. ಆದರೆ ಆಲಾಪದಿಂದ ನಿಧಾನಕ್ಕೆ ಶುರುವಾಗುವ ಸಂಗೀತವನ್ನೂ ನೀವು ಅದೇ ಆತುರದಲ್ಲಿ ದಾಟಿಸಿದರೆ ಆ್ಯಪ್ ಅಂಥದ್ದನ್ನು ಕೊಡೋದು ಕಡಿಮೆ ಮಾಡುತ್ತದೆ.

ಹಾಗಂತ ಅದನ್ನು ಬೈಯುತ್ತಾ ಕೂರೋದೂ ಬೇಡ, ಪಳಗಿಸಬಹುದು. ಒಂದೇ ಫೋನಿನಲ್ಲಿ ಬೆಳಿಗ್ಗೆ ಅಪ್ಪನ ಸುಪ್ರಭಾತ, ಮಧ್ಯಾಹ್ನ ಮಗುವಿನ ರೈಮ್ಸ್, ರಾತ್ರಿ ನಿಮ್ಮ ಗಝಲ್ ಓಡಿದರೆ ಅದು ತಾನೇ ಏನು ಮಾಡಬೇಕು? ಮಗುವಿಗೆ ಕೊಡುವಾಗ ಯೂಟ್ಯೂಬಿನ ಹಿಸ್ಟರಿ ನಿಲ್ಲಿಸಿ, ಸ್ಪಾಟಿಫೈ ಆದರೆ ‘ಪ್ರೈವೇಟ್ ಸೆಷನ್’ ಹಾಕಿ. ಹಿಡಿಸಿದ್ದನ್ನು ಸುಮ್ನೆ ಕೇಳಿ ಬಿಡಬೇಡಿ, ಒಂದು ಪ್ಲೇಲಿಸ್ಟಿಗೆ ಸೇರಿಸಿ. ಆ ಪಟ್ಟಿಯಲ್ಲಿ ಬರೀ ಕೊಳಲು, ಇಲ್ಲಾ ಬರೀ ಒಂದು ರಾಗ ಇರಲಿ. ಎಲ್ಲವನ್ನೂ ತುಂಬಿದ ಪಟ್ಟಿಗಿಂತ ಇಂಥ ಪಟ್ಟಿಯ ಕೆಳಗೆ ಬರುವ ಸಲಹೆಗಳು ಎಷ್ಟೋ ವಾಸಿ. ಸ್ಪಾಟಿಫೈಯಲ್ಲಿ ಸೋಮವಾರ ಬರುವ ‘ಡಿಸ್ಕವರ್ ವೀಕ್ಲಿ’ಯ 30 ಹಾಡಲ್ಲಿ ಒಂದೆರಡು ಹಿಡಿಸಿದರೂ ಲಾಭವೇ ಅಲ್ವಾ.

ಎಲ್ಲೋ ಕೇಳಿದ ಹಾಡು ಯಾವುದು ಅಂತ ತಿಳಿಯೋಕೆ ಶಜಾಮ್ ಬಳಸುವವರು ಒಂದು ಗಮನಿಸಿ. ಅದು ಹೊಂದಿಸಿ ನೋಡೋದು ರೆಕಾರ್ಡಿಂಗನ್ನು. ಹೋಟೆಲಿನ ಸ್ಪೀಕರಿನಲ್ಲಿ ಬರುತ್ತಿದ್ದರೆ ಸರಿ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವರು ಹಾಡುತ್ತಿದ್ದರೆ ಅದಕ್ಕೆ ತಿಳಿಯಲ್ಲ. ಅಲ್ಲಿ ಗೂಗಲ್‌ಗೆ ಗುನುಗಿ ತೋರಿಸಿ. 2020ರಿಂದ ಆ ಸೌಲಭ್ಯ ಇದೆ. ಶ್ರುತಿ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ.

ಈಗ ಮಾತಿನ ವಿಷಯ. ನೀವು ಹಿಡಿಸಿತು ಅಂದದ್ದು ಸಾಹಿತ್ಯವೋ ಧಾಟಿಯೋ ಅಂತ ಕಂಡುಹಿಡಿಯೋಕೆ ಕನ್ನಡದವರಿಗೆ ಇರುವಷ್ಟು ಅನುಕೂಲ ಬಹಳ ಜನಕ್ಕಿಲ್ಲ. ನಮ್ಮಲ್ಲಿ ಒಂದೇ ಪದ್ಯಕ್ಕೆ ಎರಡು ಮೂರು ಧಾಟಿ ಇರುತ್ತವೆ. ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಪದ್ಯ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಅವರದೊಂದು ಧಾಟಿ, ಅಶ್ವಥ್ ಅವರದೊಂದು. ಯಾವುದಿರಬೇಕು ಅಂತ ವರ್ಷಗಟ್ಟಲೆ ಜಗಳ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡು ಅಂತ ಗೊತ್ತು ಮಾಡಿತು. ಸಮಾರಂಭಕ್ಕೆ ಒಂದೇ ಇರಲಿ, ಮನೆಯಲ್ಲಿ ಎರಡನ್ನೂ ಕೇಳಿ ನೋಡಿ. ಹಾಗೇ ವಚನಗಳನ್ನು ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದು ಒಂದು ಕಡೆ, ಸುಗಮ ಸಂಗೀತದವರು ಹಾಡಿದ್ದು ಇನ್ನೊಂದು ಕಡೆ. ದಾಸರ ಪದಗಳಿಗೆ ಭೀಮಸೇನ ಜೋಶಿ ಮತ್ತು ಎಂ.ಎಲ್. ವಸಂತಕುಮಾರಿ. ಧಾಟಿ ಬದಲಾದರೂ ಖುಷಿ ಕಮ್ಮಿಯಾಗದಿದ್ದರೆ ನಿಮ್ಮದು ಸಾಹಿತ್ಯದ ಕಿವಿ.

ಅಂಥವರನ್ನು ನಾನು ಸೀದಾ ಗಮಕಕ್ಕೆ ಕಳಿಸುತ್ತೇನೆ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಸಂದರ್ಭಕ್ಕೆ ತಕ್ಕ ರಾಗದಲ್ಲಿ, ಮಾತು ಕೆಡದ ಹಾಗೆ ವಾಚನ ಮಾಡೋದನ್ನು ಅರ್ಧ ಗಂಟೆಯಾದರೂ ಕೇಳಬೇಕು. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಅನಿಸಬಹುದು. ಏಳಬೇಡಿ.

ದನಿ ಮುಖ್ಯ ಅನ್ನುವವರಿಗೆ ನಮ್ಮ ಜಿಲ್ಲೆಯ ನಗರ ಅನ್ನೋ ಊರಿನವರೇ ಆದ ಶಿವಮೊಗ್ಗ ಸುಬ್ಬಣ್ಣ ಒಳ್ಳೆಯ ಬಾಗಿಲು. ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಸಿನಿಮಾದ ಹಾಡು. ಆ ಜಾಡಿನಲ್ಲಿ ಕಂಬಾರರ ನಾಟಕಗಳ ಹಾಡು, ಅಲ್ಲಿಂದ ಬಿ.ವಿ. ಕಾರಂತರ ರಂಗಸಂಗೀತ. ನೀನಾಸಂ ತಿರುಗಾಟದ ನಾಟಕ ನಿಮ್ಮೂರ ಹತ್ತಿರ ಬಂದಾಗ ಹಾಡಿಗಾಗಿಯೇ ಒಮ್ಮೆ ಹೋಗಿ.

ನಮ್ಮ ಕಡೆಯ ಮದುವೆ ಮನೆಗಳಲ್ಲೂ ಹುಡುಕಾಟಕ್ಕೆ ದಾರಿ ಇದೆ. ಮಂಟಪದ ಪಕ್ಕ ಸ್ಯಾಕ್ಸೊಫೋನ್ ನುಡಿಸುತ್ತಾ ಕೂತಿರುತ್ತಾರಲ್ಲ, ಊಟದ ಪಂಕ್ತಿಗೆ ಓಡುವ ಗಡಿಬಿಡಿಯಲ್ಲಿ ಯಾರೂ ಕೇಳಲ್ಲ. ಆ ವಾದ್ಯಕ್ಕೆ ಕರ್ನಾಟಕ ಸಂಗೀತದ ಗಮಕಗಳನ್ನು, ಅಂದರೆ ಸ್ವರವನ್ನು ತೂಗಿ ಜಾರಿಸುವ ರೀತಿಯನ್ನು ಕಲಿಸಿದವರು ಕದ್ರಿ ಗೋಪಾಲನಾಥ್. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಸೇರಿ ‘ಕಿನ್ಸ್‌ಮೆನ್’ ಆಲ್ಬಮ್ ಮಾಡಿದರು. ಅದೇ ರುದ್ರೇಶ್ 2015ರಲ್ಲಿ ‘ಬರ್ಡ್ ಕಾಲ್ಸ್’ ಅಂತ ಜಾಝ್ ಸ್ಯಾಕ್ಸೊಫೋನಿನ ದಿಗ್ಗಜ ಚಾರ್ಲಿ ಪಾರ್ಕರ್‌ಗೆ ಗೌರವವಾಗಿ ಒಂದು ಆಲ್ಬಮ್ ತಂದರು. ಮದುವೆ ಮನೆಯಿಂದ ಪಾರ್ಕರ್‌ವರೆಗೆ ಮೂರೇ ಹೆಜ್ಜೆ. ಜಾಝ್ ಅರ್ಥವಾಗಲ್ಲ ಅನ್ನುವವರು ಈ ಕಡೆಯಿಂದ ಒಮ್ಮೆ ಹೋಗಿ ನೋಡಿ.

ಯಕ್ಷಗಾನದವರಿಗೆ ನಾನು ಹೇಳಿಕೊಡುವಂಥದ್ದು ಕಮ್ಮಿ. ಅವರು ಈ ವಿದ್ಯೆಯಲ್ಲಿ ಆಗಲೇ ಪಳಗಿದವರು. ಅದೇ ಪ್ರಸಂಗ, ಅದೇ ಪದ್ಯ, ಭಾಗವತರಲ್ಲಿ ಕಾಳಿಂಗ ನಾವಡರದು ಹೇಗಿತ್ತು, ನೆಬ್ಬೂರರದು ಹೇಗಿತ್ತು, ಧಾರೇಶ್ವರರದು ಹೇಗಿತ್ತು ಅಂತ ಸಾಗರದ ಚಹಾ ಅಂಗಡಿಯಲ್ಲೇ ವಾದ ಮಾಡಬಲ್ಲರು. ಬೇರೆ ಸಂಗೀತಕ್ಕೂ ಇದೇ ಕ್ರಮ ಹಚ್ಚಿದರೆ ಆಯಿತು. ಚಂಡೆ ಮದ್ದಳೆಯ ಜಾಗಕ್ಕೇ ಕಾಯುವವರಾದರೆ ಕರ್ನಾಟಕ ಸಂಗೀತ ಕಚೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಹುಡುಕಿ. ಅಲ್ಲಿಂದ ‘ಶಕ್ತಿ’ ತಂಡದಲ್ಲಿ ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ.

ಇನ್ನು ಯಾವ ಆ್ಯಪ್‌ನಲ್ಲೂ ಸರಿಯಾಗಿ ಸಿಗದ್ದೂ ಇದೆ. ದೀಪಾವಳಿಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಪದಗಳು ರೆಕಾರ್ಡಾಗಿದ್ದಕ್ಕಿಂತ ಆಗದಿರುವುದೇ ಜಾಸ್ತಿ ಇರಬೇಕು. ಅವರು ಬಂದಾಗ ಕೇಳಿ. ರೆಕಾರ್ಡ್ ಮಾಡೋದಾದರೆ ಒಪ್ಪಿಗೆ ಕೇಳಿ, ಫೋನನ್ನು ದೀಪದವರ ಮುಖಕ್ಕೆ ಹಿಡಿಯದೆ ಜಗಲಿಯ ಮೇಲೆ ಇಟ್ಟುಬಿಡಿ, ದನಿ ಚೆನ್ನಾಗಿ ಬರುತ್ತದೆ.

ಕೊನೆಗೊಂದು ಕೆಲಸದ ಮಾತು. ಹೊಸ ಆಲ್ಬಮ್ ಕೇಳೋಕೆ ಕಾರಿನ ಪ್ರಯಾಣ ಒಳ್ಳೆಯ ಹೊತ್ತು, ಯಾಕಂದರೆ ಬೇರೆ ಕೆಲಸ ಇರಲ್ಲ. ಆದರೆ ಆಗುಂಬೆ ಘಾಟಿ ಇಳಿಯುವವರು ಶಿವಮೊಗ್ಗ ಬಿಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತೀರ್ಥಹಳ್ಳಿ ದಾಟಿದ ಮೇಲೆ ಸೋಮೇಶ್ವರದವರೆಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ.