ಕಾರ್ಡಿನಲ್ಲಿ 325 ಸಿಸಿ, ಈಗಿನ ಮೈಗೆ ಎಷ್ಟು?

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಸೇಡಂ ಕಡೆಯ ಒಬ್ಬ ಶಿಕ್ಷಕಿ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು 44. ಅವರ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. 11 ವರ್ಷದ ಹಿಂದೆ ಹೈದರಾಬಾದಿನಲ್ಲಿ ಸ್ತನಗಳಿಗೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಒಳಗಿಡುವ ಜೆಲ್ ತುಂಬಿದ ಚೀಲ, ಹಾಕಿಸಿಕೊಂಡಿದ್ದರು. ಎಡಗಡೆಯದು ಎರಡು ವರ್ಷದಿಂದ ಗಟ್ಟಿಯಾಗುತ್ತಾ ಬಂದಿತ್ತು. ಪರ್ಸಿನಿಂದ ಒಂದು ಚಿಕ್ಕ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಅಲ್ಮಾರಿಯಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರಂತೆ. ನುಸಿ ಗುಳಿಗೆಯ ವಾಸನೆ ಇನ್ನೂ ಇತ್ತು. ಅದರ ಮೇಲೆ ಕಂಪನಿಯ ಹೆಸರು, ಸೀರಿಯಲ್ ನಂಬರ್, ಕೊನೆಗೆ 325 ಸಿಸಿ ಅಂತ ಅಚ್ಚಾಗಿತ್ತು.

‘ಮೇಡಂ, ಹ್ಯಾಂಗೂ ತೆಗೀಲತ್ತೀರಿ. ಈ ಸಲ ಜರ ದೊಡ್ಡದೇ ಹಾಕಿಬಿಡ್ರಿ. 400ರದ್ದು ಹಾಕ್ರಿ’ ಅಂದರು.

ಹಳೇ ಇಂಪ್ಲಾಂಟ್ ಬದಲಿಸಲು ಬರುವವರಲ್ಲಿ ಬಹಳ ಜನ ಹೀಗೇ ಒಂದು ನಂಬರ್ ಹಿಡಿದುಕೊಂಡು ಬರುತ್ತಾರೆ. ಕೆಲವರು ‘ಮೊದಲಿನಷ್ಟೇ ಇರಲಿ’ ಅನ್ನುತ್ತಾರೆ. ಇನ್ನು ಕೆಲವರು ‘ಸಾಕಾಗ್ಯದ ಮೇಡಂ, ಸಣ್ಣದು ಮಾಡ್ರಿ’ ಅನ್ನುತ್ತಾರೆ. ಮೂರೂ ಸರಿಯಾದ ಆಸೆಗಳೇ. ಆದರೆ ಮೊದಲ ಸಲ ಅಳತೆ ತೆಗೆದ ಎದೆ ಈಗ ಇಲ್ಲ. 11 ವರ್ಷ ಭಾರ ಹೊತ್ತ ಚರ್ಮ ಅದು. ನಡುವೆ ಹೆರಿಗೆ ಆಗಿರಬಹುದು, ಹಾಲುಣಿಸಿರಬಹುದು, ತೂಕ ಏರಿ ಇಳಿದಿರಬಹುದು. ನಮ್ಮ ಟೇಲರ್ ಕೂಡ ಹತ್ತು ವರ್ಷದ ಹಿಂದಿನ ಅಳತೆ ಜಂಪರ್ ಕೊಟ್ಟರೆ ಸುಮ್ನೆ ಕತ್ತರಿ ಹಾಕುವುದಿಲ್ಲ, ಟೇಪ್ ತೆಗೆಯುತ್ತಾರೆ ಅಲ್ವಾ? ನಾನೂ ಅದನ್ನೇ ಮಾಡುತ್ತೇನೆ.

ಸಿಸಿ ಅಂದರೆ ಏನು ಅನ್ನುವುದರಿಂದ ಶುರು ಮಾಡೋಣ. ಅದು ಇಂಪ್ಲಾಂಟಿನೊಳಗೆ ಎಷ್ಟು ಜೆಲ್ ಇದೆ ಅನ್ನುವ ಲೆಕ್ಕ, ಒಂದು ಸಿಸಿ ಅಂದರೆ ಒಂದು ಎಂಎಲ್. ಅದು ಬ್ರಾ ಸೈಜ್ ಅಲ್ಲ. ಬ್ರಾದ ಕಪ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಾಗಾಗಿ ‘ಸಿ ಕಪ್ ಮಾಡಿಕೊಡಿ’ ಅಂದರೆ ನಾನು ಮಾತು ಕೊಡುವುದಿಲ್ಲ. ಸಿಸಿ ಅನ್ನುವುದು ಆಕಾರವನ್ನೂ ಹೇಳುವುದಿಲ್ಲ. ಒಂದೇ ಉಂಡಿ ಜೋಳದ ಹಿಟ್ಟಿನಿಂದ ಅಗಲವಾದ ತೆಳು ರೊಟ್ಟಿಯೂ ಆಗುತ್ತದೆ, ಸಣ್ಣ ದಪ್ಪ ರೊಟ್ಟಿಯೂ ಆಗುತ್ತದೆ. ಹಾಗೆಯೇ 300 ಸಿಸಿ ಇಂಪ್ಲಾಂಟ್ ಒಂದು ಬಗೆಯಲ್ಲಿ ಅಗಲವಾಗಿ ಚಪ್ಪಟೆ ಇರುತ್ತದೆ, ಇನ್ನೊಂದು ಬಗೆಯಲ್ಲಿ ಕಿರಿದಾಗಿ ಮುಂದಕ್ಕೆ ಉಬ್ಬಿರುತ್ತದೆ. ಈ ಉಬ್ಬನ್ನೇ ನಾವು ಪ್ರೊಫೈಲ್ ಅನ್ನುತ್ತೇವೆ. ಒಂದೇ ಸಿಸಿಯ ಎರಡು ಪ್ರೊಫೈಲ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸಿದರೆ, ‘ಇವೆರಡೂ ಒಂದೇ ಏನ್ರಿ?’ ಅಂತ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಹಾಗಾಗಿ ನಾನು ಮೊದಲು ನೋಡುವುದು ಅಗಲ. ನೆಟ್ಟಗೆ ಕೂರಿಸಿ, ಕ್ಯಾಲಿಪರ್ ಹಿಡಿದು, ಸ್ತನದ ಬುಡ ಎದೆಯ ಮೇಲೆ ಎಷ್ಟು ಅಗಲ ಕೂತಿದೆ ಅಂತ ಅಳೆಯುತ್ತೇನೆ. ಇಂಪ್ಲಾಂಟ್ ಆ ಅಗಲದೊಳಗೇ ಕೂರಬೇಕು. ಮೀರಿದರೆ ಒಂದೋ ನಡುವೆ ಎರಡೂ ಹತ್ತಿರ ಬಂದು ಅಂಟಿದಂತೆ ಕಾಣುತ್ತವೆ, ಇಲ್ಲವೇ ಕಂಕುಳ ಕಡೆ ಹೋಗಿ ಕೈಗೆ ತಾಗುತ್ತವೆ. ಆಮೇಲೆ ಹೆಬ್ಬೆರಳು ತೋರುಬೆರಳಿನಿಂದ ಸ್ತನದ ಮೇಲ್ಭಾಗದ ಚರ್ಮವನ್ನು ಮೆಲ್ಲಗೆ ಚಿವುಟಿ ಹಿಡಿದು ದಪ್ಪ ಅಳೆಯುತ್ತೇನೆ. ಎರಡು ಬೆರಳಿನ ನಡುವೆ 2 ಸೆಂಟಿಮೀಟರಿಗಿಂತ ಕಡಿಮೆ ಸಿಕ್ಕರೆ ಇಂಪ್ಲಾಂಟಿಗೆ ಮೇಲುಹೊದಿಕೆ ಸಾಲದು ಅಂತ ಅರ್ಥ. ಅಂಥವರಿಗೆ ಅದನ್ನು ಎದೆಯ ಸ್ನಾಯುವಿನ ಕೆಳಗೆ ಇಡುವುದು ವಾಡಿಕೆ. ಮೂರನೆಯದು ಮೊಲೆತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗಿನ ಉದ್ದ. ಹಳೇ ಇಂಪ್ಲಾಂಟ್ ಚರ್ಮವನ್ನು ಎಷ್ಟು ಜಗ್ಗಿದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ನಮ್ಮ ಶಿಕ್ಷಕಿಗೆ ಬುಡದ ಅಗಲ 12.5 ಸೆಂಟಿಮೀಟರ್ ಇತ್ತು. ಮೇಲೆ ಚಿವುಟಿದರೆ ಒಂದೂವರೆ ಸೆಂಟಿಮೀಟರ್ ಕೂಡ ಬರಲಿಲ್ಲ. ಬಲಗಡೆ ಕೆಳಭಾಗ ಜಗ್ಗಿತ್ತು. ಎಡಗಡೆ ಅದೇ ಇಂಪ್ಲಾಂಟ್ ಮೇಲಕ್ಕೇರಿ, ಗುಂಡಗೆ, ಗಟ್ಟಿಯಾಗಿ ಕೂತಿತ್ತು. ಅವರಿಗೆ ಎಡಗಡೆಯದೇ ‘ಚೆನ್ನಾಗಿ ತುಂಬಿದ್ದು’, ಬಲಗಡೆಯದು ‘ಇಳಿದು ಸಣ್ಣದಾದದ್ದು’ ಅನ್ನಿಸಿತ್ತು. 400 ಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲಿಂದ. ನಿಜಕ್ಕೂ ಆಗಿದ್ದು ಬೇರೆ. ಮೈಯೊಳಗೆ ಹೊರಗಿನ ವಸ್ತು ಇಟ್ಟರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಎಲ್ಲರಿಗೂ ಕಟ್ಟುತ್ತದೆ, ತಪ್ಪೇನಿಲ್ಲ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಮುದುಡಿಕೊಂಡು ಇಂಪ್ಲಾಂಟನ್ನು ಹಿಂಡುತ್ತದೆ. ಬೇಕರ್ ಅನ್ನುವವರ ಹೆಸರಿನ ನಾಲ್ಕು ಹಂತಗಳಲ್ಲಿ ಇದನ್ನು ಗುರುತಿಸುತ್ತೇವೆ. ಒಂದನೇ ಹಂತ ಅಂದರೆ ಮೆತ್ತಗೆ, ಸಹಜ. ಮೂರು ಅಂದರೆ ಗಟ್ಟಿ, ಕಣ್ಣಿಗೂ ಕಾಣುವ ಆಕಾರ ಬದಲಾವಣೆ. ನಾಲ್ಕಕ್ಕೆ ನೋವೂ ಸೇರುತ್ತದೆ. ಇವರದು ಮೂರು. ಆ ಪೊರೆ ತೆಗೆದುಬಿಟ್ಟರೆ ಅದೇ 325 ಬೇರೆಯೇ ಥರ ಕಾಣುತ್ತದೆ. ಹಾಗಿರುವಾಗ ಗಟ್ಟಿಯಾದ ಎದೆಯನ್ನು ನೋಡಿ ಸೈಜ್ ಆರಿಸುವುದು ಬೇಡ.

ಬದಲಿಸುವಾಗ ಆಪರೇಷನ್ನಿನ ಹೆಚ್ಚಿನ ಕೆಲಸ ಇರುವುದು ಇಂಪ್ಲಾಂಟ್ ಕೂತಿದ್ದ ಗೂಡಿನಲ್ಲಿ. ದೊಡ್ಡದು ಹಾಕಬೇಕಾದರೆ ಗೂಡು ಬಿಡಿಸಬೇಕು. ಆಗಲೇ ತೆಳುವಾದ ಚರ್ಮ ಇನ್ನೂ ತೆಳುವಾಗುತ್ತದೆ. ಮೇಲಿಂದ ಇಂಪ್ಲಾಂಟಿನ ಅಂಚು, ಸುಕ್ಕು ಕಾಣಲು ಶುರುವಾಗುತ್ತವೆ. ಭಾರಕ್ಕೆ ಕೆಳಗಿನ ಮಡಿಕೆ ಸೋತು ಇಂಪ್ಲಾಂಟ್ ಜಾರುತ್ತದೆ. ಸಣ್ಣದು ಹಾಕಿದರೆ ದೊಡ್ಡ ಗೂಡಿನಲ್ಲಿ ಅದು ಅತ್ತಿತ್ತ ಸರಿದಾಡುತ್ತದೆ. ಅದಕ್ಕೆ ಗೂಡಿನ ಬದಿಗೆ ಒಳಗಿಂದ ಹೊಲಿಗೆ ಹಾಕಿ ಚಿಕ್ಕದು ಮಾಡಬೇಕು. ಹೆಚ್ಚಾದ ಚರ್ಮವನ್ನು ತೆಗೆದು ಸ್ತನವನ್ನು ಎತ್ತಿ ಕೂರಿಸಬೇಕಾಗಬಹುದು. ಎತ್ತುವ ಆಪರೇಷನ್ನಿಗೆ ಗಾಯದ ಗೆರೆ ಜಾಸ್ತಿ. ಎರಡನ್ನೂ ಒಂದೇ ದಿನ ಮಾಡಿದರೆ ಗಾಯ ಮಾಯುವ ತೊಂದರೆಯೂ ಜಾಸ್ತಿ. ಅದಕ್ಕೇ ಕೆಲವರಿಗೆ ಎರಡು ಹಂತದಲ್ಲಿ ಮಾಡೋಣ ಅನ್ನುತ್ತೇನೆ. ‘ಮತ್ತೊಮ್ಮೆ ರಜೆ ಎಲ್ಲಿಂದ ತರ್ಲಿ?’ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅವಸರ ಮಾಡುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡನೇ ಸಲಕ್ಕೆ ಹೆಚ್ಚಿನವರಿಗೆ ಅಷ್ಟೇ ಸೈಜ್ ಅಥವಾ ಸ್ವಲ್ಪ ಸಣ್ಣದು ಒಳ್ಳೆಯದು. ಚರ್ಮಕ್ಕೆ ವಯಸ್ಸಾಗುತ್ತಿದೆ, ಮುಂದೆ ಮೂರನೇ ಆಪರೇಷನ್ ಕೂಡ ಬರಬಹುದು. ಆ ದಿನಕ್ಕೆ ಸ್ವಲ್ಪ ದಪ್ಪ ಉಳಿಸಿಟ್ಟಿರಬೇಕು. ದೊಡ್ಡದು ಹಾಕಲೇಬಾರದು ಅಂತಲ್ಲ. ಚರ್ಮ ದಪ್ಪ ಇದ್ದು, ಅಗಲಕ್ಕೆ ಜಾಗ ಇದ್ದರೆ ಹಾಕುತ್ತೇನೆ. ಆದರೆ 25 ಸಿಸಿ ಹೆಚ್ಚಿಸಿ ಅಂದರೆ ಅದು ಹೊರಗೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅಷ್ಟಕ್ಕಾಗಿ ಗೂಡು ಬಿಡಿಸುವುದು ಬೇಡ ಅನ್ನುತ್ತೇನೆ. ಎಡ ಬಲ ಸರಿಮಾಡಲು ಒಂದು ಕಡೆ 25 ಹೆಚ್ಚು ಹಾಕುವುದು ಬೇರೆ ವಿಷಯ. ಎರಡೂ ಸ್ತನ ಒಂದೇ ಅಚ್ಚಿನಂತೆ ಇರುವವರನ್ನು ನಾನು ಇನ್ನೂ ನೋಡಿಲ್ಲ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಬಹುದು. ಅಡುಗೆಯ ಅಳತೆ ಕಪ್ಪಿನಲ್ಲಿ 100 ಎಂಎಲ್ ನೀರು ಅಳೆದು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಎರಡು ಚೀಲ ಮಾಡಿ, ಬ್ರಾದೊಳಗೆ ಇಟ್ಟುಕೊಂಡು ಒಂದು ದಿನ ಮನೆಗೆಲಸ ಮಾಡಿ. ಮೆಟ್ಟಿಲು ಹತ್ತಿ, ರೊಟ್ಟಿ ಬಡಿಯಿರಿ. ಜೆಲ್ ಕೂಡ ಹೆಚ್ಚುಕಮ್ಮಿ ನೀರಿನಷ್ಟೇ ತೂಗುತ್ತದೆ, ಹಾಗಾಗಿ ಭಾರದ ಅಂದಾಜು ಸರಿಯಾಗಿ ಸಿಗುತ್ತದೆ. ಕೆಲವರು ನೀರಿನ ಬದಲು ತೊಗರಿ ಬೇಳೆ ತುಂಬುತ್ತಾರೆ. ಆಕಾರ ನೋಡಲು ಅದು ಪರವಾಗಿಲ್ಲ, ಆದರೆ ಕಪ್ಪಿನಲ್ಲೇ ಅಳೆಯಬೇಕು, ತಕ್ಕಡಿಯಲ್ಲಲ್ಲ. ಇನ್ನೊಂದು ಮಾತು ನೆನಪಿಡಿ. ಹಳೇ ಇಂಪ್ಲಾಂಟ್ ಇನ್ನೂ ಒಳಗೇ ಇದೆ. ಚೀಲದಲ್ಲಿರುವುದು ‘ಇನ್ನೂ ಎಷ್ಟು ಹೆಚ್ಚು’ ಅನ್ನುವುದಷ್ಟೇ. 400 ಬೇಕು ಅಂದ ಶಿಕ್ಷಕಿಗೆ ನಾನು 75 ಎಂಎಲ್ ಚೀಲ ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. ‘ಕನ್ನಡ್ಯಾಗ ಏನೂ ಫರಕ್ ಕಾಣಲಿಲ್ರಿ. ಸಂಜೀಕ ಭುಜ ಮಾತ್ರ ಎಳೀತು’ ಅಂದರು.

ಸಣ್ಣದು ಬೇಕು ಅನ್ನುವವರಿಗೆ ಈ ಚೀಲ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಮೊದಲ ಆಪರೇಷನ್ನಿಗೂ ಮುಂಚಿನ ಫೋಟೊ, ಸಿಕ್ಕರೆ ಆಗಿನ ಒಂದು ಜಂಪರ್ ತರಲು ಹೇಳುತ್ತೇನೆ. ಒಳಗಿನ ಇಂಪ್ಲಾಂಟ್ ಬಿಟ್ಟರೆ ತಮ್ಮದೇ ಸ್ತನ ಎಷ್ಟಿತ್ತು ಅನ್ನುವುದನ್ನು ಬಹಳ ಜನ ಮರೆತಿರುತ್ತಾರೆ. ಹಳೇ ಜಂಪರ್ ಕೈಯಲ್ಲಿ ಹಿಡಿದಾಗ ನೆನಪು ಬರುತ್ತದೆ. ಒಬ್ಬರು ಅದನ್ನು ಎದೆಗೆ ಹಚ್ಚಿ ಹಿಡಿದು, ‘ಇಷ್ಟೇ ಸಾಕು ಮೇಡಂ, ಒಳಗ ಏನೂ ಬ್ಯಾಡ’ ಅಂದುಬಿಟ್ಟರು. ಇಂಪ್ಲಾಂಟ್ ತೆಗೆದು, ಹೊಸದು ಹಾಕದೆ, ಚರ್ಮ ಎತ್ತಿ ಹೊಲಿದು ಕಳಿಸಿದೆ. ಹೊಟ್ಟೆಯ ಕೊಬ್ಬನ್ನು ಸ್ವಲ್ಪ ತೆಗೆದು ಸ್ತನಕ್ಕೆ ತುಂಬುವ ದಾರಿಯೂ ಇದೆ, ಆದರೆ ತುಂಬಿದ್ದರಲ್ಲಿ ಒಂದು ಪಾಲು ಕರಗಿ ಹೋಗುತ್ತದೆ.

ರೊಟ್ಟಿಯ ಮಾತು ಬಂತು. ಆಳಂದದ ಕಡೆಯ ಅಕ್ಕ ಒಬ್ಬರಿಗೆ ಇಂಪ್ಲಾಂಟ್ ಸ್ನಾಯುವಿನ ಕೆಳಗಿತ್ತು. ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ಮನೆ. ಪ್ರತಿ ಏಟಿಗೂ ಎದೆಯ ಸ್ನಾಯು ಬಿಗಿದು ಇಂಪ್ಲಾಂಟ್ ಮೇಲಕ್ಕೆ ಜಿಗಿಯುತ್ತಿತ್ತು. ಅತ್ತೆ ಎದುರಿಗೆ ಕೂತಿದ್ದರೆ ಸೆರಗು ಹೊದ್ದು ಕೂತು ಬಡಿಯುತ್ತಿದ್ದರಂತೆ. ಇದನ್ನು ಅವರು ನಾಲ್ಕನೇ ಭೇಟಿಯಲ್ಲಿ ಹೇಳಿದರು, ಅದೂ ತಲೆ ತಗ್ಗಿಸಿ. ಅವರ ಚರ್ಮದ ದಪ್ಪ ಚೆನ್ನಾಗಿತ್ತು. ಹಾಗಾಗಿ ಹೊಸ ಇಂಪ್ಲಾಂಟನ್ನು ಸ್ನಾಯುವಿನ ಮೇಲೆ ಇಟ್ಟೆ, ಸೈಜ್ ಸ್ವಲ್ಪ ಕಡಿಮೆ ಮಾಡಿದೆ. ಜಿಗಿತ ನಿಂತಿತು. ಅಂದಿನಿಂದ ‘ದಿನಾ ಏನೇನು ಕೆಲಸ ಮಾಡ್ತೀರಿ?’ ಅಂತ ಮೊದಲ ದಿನವೇ ಕೇಳುತ್ತೇನೆ. ಸೈಜ್ ಆರಿಸಲು ಕ್ಯಾಲಿಪರಿನಷ್ಟೇ ಈ ಪ್ರಶ್ನೆಯೂ ಬೇಕು.

ಕ್ಯಾನ್ಸರಿನಿಂದ ಒಂದು ಸ್ತನ ತೆಗೆಸಿ, ಅಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ. ಅಲ್ಲಿ ಅಳತೆ ಅಂದರೆ ಇನ್ನೊಂದು ಕಡೆಯ ಸ್ತನ. ಅದು ವಯಸ್ಸಿನ ಜೊತೆ ಇಳಿಯುತ್ತದೆ, ಇಂಪ್ಲಾಂಟ್ ಇಳಿಯುವುದಿಲ್ಲ. ರೇಡಿಯೇಷನ್ ಆದ ಚರ್ಮ ಹಿಗ್ಗುವುದೂ ಇಲ್ಲ. ಅಂಥ ಕಡೆ ದೊಡ್ಡದು ತುರುಕುವುದಕ್ಕಿಂತ ಇನ್ನೊಂದು ಕಡೆ ಸ್ವಲ್ಪ ಎತ್ತಿ ಅಥವಾ ಕಡಿಮೆ ಮಾಡಿ ಸರಿದೂಗಿಸುವುದು ಕ್ಷೇಮ.

‘ಹತ್ತು ವರ್ಷ ಆತು, ಬದಲಿಸಲೇಬೇಕೇನ್ರಿ?’ ಅಂತ ಕೇಳುವವರೂ ಇದ್ದಾರೆ. ತೊಂದರೆ ಇಲ್ಲದಿದ್ದರೆ ಬೇಕಿಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ, ನಿಜ. ಆದರೆ ಹತ್ತಕ್ಕೆ ಕೆಡುತ್ತದೆ ಅನ್ನುವ ತಾರೀಖೂ ಅದಕ್ಕಿಲ್ಲ. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಕಿಸಿದ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ ಪ್ರತಿ 2-3 ವರ್ಷಕ್ಕೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಲು ಹೇಳುತ್ತದೆ. ಕಾರ್ಡಿನಲ್ಲಿ ಸೈಜಿನ ಜೊತೆ ಮೇಲ್ಮೈ ನುಣುಪೋ ತರಿಯೋ ಅನ್ನುವುದನ್ನೂ ನೋಡಿ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ತರಿ ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನೆಲ್ಲೆಡೆ ವಾಪಸ್ ಪಡೆಯಿತು. ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಬರುವ ಲಿಂಫೋಮಾ ಅನ್ನುವ ಒಂದು ಅಪರೂಪದ ಕ್ಯಾನ್ಸರಿಗೆ ಅವುಗಳ ನಂಟು ಕಂಡಿತ್ತು. ಲಕ್ಷಣ ಏನೂ ಇಲ್ಲದವರು ಹೆದರಿ ತೆಗೆಸಬೇಕಿಲ್ಲ ಅಂತ ಎಫ್‌ಡಿಎ ಆಗಲೇ ಹೇಳಿತು. ಆದರೆ ವರ್ಷಗಳ ನಂತರ ಒಂದು ಕಡೆ ದಿಢೀರ್ ಊದಿಕೊಂಡರೆ, ಗಂಟು ಸಿಕ್ಕರೆ, ಸೈಜಿನ ಮಾತು ಬದಿಗಿಟ್ಟು ಆ ವಾರವೇ ಡಾಕ್ಟರಿಗೆ ತೋರಿಸಿ.

ನಮ್ಮ ಊರಿನ ಬ್ಯಾಸಗಿ ಬಗ್ಗೆಯೂ ಹೇಳಬೇಕು. ಆಪರೇಷನ್ ಆದ ಮೇಲೆ ಬಿಗಿ ಬ್ರಾ ವಾರಗಟ್ಟಲೆ ಹಗಲೂ ರಾತ್ರಿ ಹಾಕಬೇಕು. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನದಲ್ಲಿ, ಮಡಿಕೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ತುರ್ತು ಇಲ್ಲದಿದ್ದರೆ ಮಳೆಗಾಲ ಶುರುವಾದ ಮೇಲೆ ಮಾಡಿಸಿ. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ರೂಢಿ ಇದ್ದರೆ ಕನಿಷ್ಠ ಒಂದು ತಿಂಗಳು ಮೊದಲೇ ಬಿಡಬೇಕು. ನಾಚಿಕೆಯಿಂದ ಮುಚ್ಚಿಡಬೇಡಿ. ನಿಕೋಟಿನ್ ರಕ್ತನಾಳ ಕಿರಿದು ಮಾಡುತ್ತದೆ, ತೆಳು ಚರ್ಮ ಮಾಯುವುದಿಲ್ಲ.

ಶಿಕ್ಷಕಿ ಎರಡು ವಾರ ಯೋಚಿಸಿದರು. ಗಂಡನನ್ನೂ ಕರೆತಂದು ಇನ್ನೊಮ್ಮೆ ಎಲ್ಲ ಕೇಳಿದರು. ಕೊನೆಗೆ ಎಡಗಡೆಯ ಪೊರೆ ತೆಗೆದು, ಬಲಗಡೆಯ ಗೂಡು ಹೊಲಿದು ಮೇಲೆತ್ತಿ, ಎರಡೂ ಕಡೆ 275 ಸಿಸಿ ಹಾಕಿದೆವು. ಆಪರೇಷನ್ ಟೇಬಲ್ ಮೇಲೆ ಅಳತೆ ನೋಡಲು ಸೈಜರ್ ಅನ್ನುವ ತಾತ್ಕಾಲಿಕ ಇಂಪ್ಲಾಂಟ್ ಇಟ್ಟು, ಟೇಬಲ್ಲನ್ನೇ ಎತ್ತಿ ಅವರನ್ನು ಕೂತ ಭಂಗಿಗೆ ತಂದು ನೋಡಿದೆ. 300 ಇಟ್ಟಾಗ ಮೇಲ್ಭಾಗದಲ್ಲಿ ಅಂಚು ಕಾಣುತ್ತಿತ್ತು. 275ಕ್ಕೆ ಅದು ಮಾಯವಾಯಿತು.

ಮೊದಲ ತಿಂಗಳು ಊತಕ್ಕೆ ದೊಡ್ಡದಾಗೇ ಕಾಣುತ್ತದೆ, ಮೇಲೆ ಕೂತಂತಿರುತ್ತದೆ. ಆ ಅಳತೆ ನಂಬಬೇಡಿ, ಮೂರು ತಿಂಗಳಾಗುವವರೆಗೆ ಹೊಸ ಜಂಪರ್ ಹೊಲಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಇವರು ನಾಲ್ಕು ತಿಂಗಳು ಕಾದರು. ಹೊಸ ಕಾರ್ಡ್ ಕೈಗೆ ಕೊಟ್ಟಾಗ ಅದನ್ನು ಸೀರೆ ಮಡಿಕೆಯಲ್ಲಿಟ್ಟರೆ ಸಾಲದು, ಫೋಟೊ ತೆಗೆದು ಮಗಳ ಫೋನಿಗೂ ಕಳಿಸಿ ಅಂದೆ. ನನ್ನ ಎದುರೇ ಕಳಿಸಿದರು.