ಸಮುದಾಯ ರೇಡಿಯೋದಲ್ಲಿ ಸುದ್ದಿ ಹೇಳಬಾರದಂತೆ, ಹಾಗಿದ್ರೆ ಏರಿಯಾ ವರದಿಗಾರರ ತಂಡ ಯಾಕೆ?

ಪ್ರಶ್ನೆ: ನಮ್ಮ ಬಡಾವಣೆ ಹತ್ತಿರ ಒಂದು ಸಮುದಾಯ ರೇಡಿಯೋ ಕೇಂದ್ರ ಇದೆ. ಏರಿಯಾದವರೇ ವರದಿ ಮಾಡುವ ಒಂದು ತಂಡ ಕಟ್ಟೋಣ ಅಂತ ಹೊರಟೆವು. ಆದರೆ ಲೈಸೆನ್ಸ್‌ನಲ್ಲಿ ಸುದ್ದಿಗೆ ಅವಕಾಶವೇ ಇಲ್ಲ ಅಂದರು. ಹಾಗಾದರೆ ಈ ತಂಡ ಕಟ್ಟಿ ಏನು ಪ್ರಯೋಜನ?

ಉತ್ತರ: ಅವರು ಹೇಳಿದ್ದು ನಿಜ. ಸ್ವಯಂಸೇವಾ ಸಂಸ್ಥೆಗಳಿಗೂ ರೇಡಿಯೋ ನಡೆಸಲು ಬಾಗಿಲು ತೆರೆದದ್ದು ಕೇಂದ್ರ ಸರ್ಕಾರದ 2006ರ ನೀತಿ. ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಇವುಗಳ ಕಾರ್ಯಕ್ರಮ ಬೇಡ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದ್ದೂ ಅದೇ ನೀತಿ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಹಾಕಬಹುದು, ಅಷ್ಟೇ. ನನಗಂತೂ ಇದು ಸರಿ ಕಾಣುವುದಿಲ್ಲ. ರೇಡಿಯೋ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಮೊಬೈಲ್ ಇರೋರು ಯಾರು ಬೇಕಾದರೂ ಬಾಯಿಗೆ ಬಂದದ್ದನ್ನು ಜಗತ್ತಿಗೆಲ್ಲ ಹಂಚಬಹುದು, ಆದರೆ 100 ವ್ಯಾಟ್‌ನಲ್ಲಿ ಐದರಿಂದ ಹತ್ತು ಕಿಲೋಮೀಟರ್ ಕೇಳಿಸುವ ಪುಟ್ಟ ಸ್ಟೇಷನ್ ಮಾತ್ರ ಸುದ್ದಿ ಹೇಳಬಾರದು!

ಇರಲಿ. ಸಿಟ್ಟಾಗುವ ಮೊದಲು ಅದೇ ಸರ್ಕಾರ ಆಮೇಲೆ ಯಾವುದನ್ನೆಲ್ಲ 'ಸುದ್ದಿ ಅಲ್ಲ' ಅಂತ ಬಿಟ್ಟಿದೆ ನೋಡಿ. ಹವಾಮಾನ, ಟ್ರಾಫಿಕ್, ಹಬ್ಬ, ಜಾತ್ರೆ, ಪರೀಕ್ಷೆ, ಫಲಿತಾಂಶ, ಶಾಲಾ ಪ್ರವೇಶ, ಎಲ್ಲೆಲ್ಲಿ ಕೆಲಸ ಖಾಲಿ ಇದೆ, ಕರೆಂಟ್, ನೀರು, ಆರೋಗ್ಯದ ಎಚ್ಚರಿಕೆ. ಈಗ ಹೇಳಿ, ನಿಮ್ಮ ಬೀದಿ ಕೊನೆಯ ಟೀ ಅಂಗಡಿಯಲ್ಲಿ ದಿನಾ ಬೆಳಗ್ಗೆ ಜನ ಮಾತಾಡುವುದು ಇದನ್ನೇ ಅಲ್ವಾ? ಇನ್ನೊಂದು ಷರತ್ತೂ ಇದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರು ಸೇರಿ ಮಾಡಿದ್ದಾಗಿರಬೇಕು. ಆ ಅರ್ಧ ಎಲ್ಲಿಂದ ಬರಬೇಕು? ನಿಮ್ಮ ತಂಡದಿಂದಲೇ. ಸ್ಟೇಷನ್‌ನವರ ಹತ್ತಿರ ಹೋಗಿ ಇದನ್ನೇ ಹೇಳಿ. ಉಪಕಾರ ಕೇಳುವವರ ಥರ ನಿಲ್ಲಬೇಡಿ.

ಒಂದೇ ಒಂದು ಕೊಕ್ಕೆ ಇದೆ. ನೀರು, ಕರೆಂಟಿನ ಮಾಹಿತಿ ಸ್ಥಳೀಯ ಆಡಳಿತದಿಂದ ಬಂದದ್ದಾಗಿರಬೇಕು. ಶುರುವಿನಲ್ಲಿ ನಮಗೂ ಇದು ಕಿರಿಕಿರಿ ಅನಿಸಿತ್ತು, ಆಮೇಲೆ ನೋಡಿದರೆ ನಮ್ಮ ತಂಡಕ್ಕೆ ವರದಿಗಾರಿಕೆ ಕಲಿಸಿದ್ದೇ ಈ ಕೊಕ್ಕೆ.

ನಮ್ಮಲ್ಲಿ ಒಬ್ಬರು ಅಕ್ಕ ಇದ್ದರು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಮೊದಲ ಸಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ತಂದದ್ದು ಹೀಗಿತ್ತು: "ನಮ್ಮ ಕಡೆ ನೀರೇ ಬರಲ್ಲ, ಕೇಳೋರೇ ಇಲ್ಲ, ಎಲ್ಲಾ ದುಡ್ಡು ತಿಂತಾರೆ." ಸಂಕಟ ನಿಜ, ಆದರೆ ಇದು ವರದಿ ಅಲ್ಲ. ಕೂತು ಕೇಳಿದೆವು. ಯಾವ ಕ್ರಾಸ್ ಅಕ್ಕ? ಕೊನೆಯ ಸಲ ನೀರು ಬಂದದ್ದು ಯಾವತ್ತು, ಎಷ್ಟು ಹೊತ್ತಿಗೆ? ಪಕ್ಕದ ಕ್ರಾಸಿಗೆ ಬರುತ್ತಾ? ನೀರು ಬಿಡೋರನ್ನ ಕೇಳಿದ್ರಾ? ಅವರು ವಾಪಸ್ ಹೋಗಿ ಎರಡು ಕ್ರಾಸ್‌ಗಳ ಮನೆ ಮನೆ ಬಾಗಿಲು ತಟ್ಟಿದರು, ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದುಕೊಂಡು ಬಂದರು. ಮೇಲಿನ ಕ್ರಾಸಿಗೆ ನೀರಿದೆ, ಕೆಳಗಿನದಕ್ಕೆ ಆರು ದಿನದಿಂದ ಇಲ್ಲ. ನೀರು ಬಿಡೋರು ಹೇಳಿದ್ದು, ವಾಲ್ವ್ ಕೆಟ್ಟಿದೆ, ಹೊಸದು ಬಂದಿಲ್ಲ. ಆಮೇಲೆ ಜೂನಿಯರ್ ಎಂಜಿನಿಯರ್‌ಗೆ ಫೋನ್ ಮಾಡಿದರು. ಮೂರನೇ ಸಲಕ್ಕೆ ಎತ್ತಿದರು. "ಸಾರ್, ಕೆಳಗಿನ ಕ್ರಾಸಿಗೆ ಯಾವತ್ತು ನೀರು ಬರುತ್ತೆ ಅಂತ ರೇಡಿಯೋದಲ್ಲಿ ಹೇಳಬೇಕು, ನೀವೇ ಹೇಳ್ತೀರಾ?" ಅಂದರು ಅಷ್ಟೇ. ಬೈಗುಳ ಇಲ್ಲ, ಆರೋಪ ಇಲ್ಲ. ಆ ಕಡೆಯಿಂದ ಒಂದು ದಿನ ಸಿಕ್ಕಿತು, ಗುರುವಾರ ಅಂತ. ಗುರುವಾರ ನೀರು ಬರಲಿದೆ ಅಂತ ಅಧಿಕಾರಿಯ ಮಾತಿನಲ್ಲೇ ಪ್ರಸಾರವಾಯಿತು. ನೀರು ಬಂದದ್ದು ಶನಿವಾರ, ಅದು ಬೇರೆ ಮಾತು. ಆದರೆ ಶುಕ್ರವಾರ ಬೆಳಗ್ಗೆ ಮತ್ತೆ ಫೋನ್ ಮಾಡಲು ಅಕ್ಕನ ಕೈಯಲ್ಲಿ ಒಂದು ಹಿಡಿ ಇತ್ತಲ್ಲ.

ಎಲ್ಲವೂ ಹೀಗೆ ಗಾಳಿಗೆ ಹೋಗುವುದಿಲ್ಲ. ಚರಂಡಿ ಕಾಮಗಾರಿಯಲ್ಲಿ ಮೋಸ ಆಗಿದೆ ಅನ್ನುವ ವರದಿಯನ್ನು ರೇಡಿಯೋದಲ್ಲಿ ಹಾಕಬೇಡಿ, ಲೈಸೆನ್ಸ್ ಸ್ಟೇಷನ್‌ನವರದ್ದು, ಏಟು ಬೀಳುವುದು ಅವರಿಗೆ. ಹಾಗಂತ ವರದಿಯನ್ನು ಎಸೆಯಬೇಕಿಲ್ಲ. ಪ್ರಸಾರ ಬೇರೆ, ವರದಿಗಾರಿಕೆ ಬೇರೆ. ಈ ಪಾಠ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಯಾವತ್ತೋ ಕಲಿಸಿದ್ದಾರೆ. ಅಲ್ಲಿನ ಸಮುದಾಯ ರೇಡಿಯೋ 'ನಮ್ಮ ಧ್ವನಿ' 2003ರಲ್ಲಿ ಶುರುವಾದಾಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಅನ್ನುವುದೇ ಇರಲಿಲ್ಲ. ಅವರು ಕಾಯುತ್ತಾ ಕೂರಲಿಲ್ಲ. ಟಿವಿ ಕೇಬಲ್ ತಂತಿಯಲ್ಲೇ ತಮ್ಮ ಧ್ವನಿಯನ್ನು ಮನೆ ಮನೆಗೆ ಕಳಿಸಿದರು. ನೀವೂ ಹಾಗೆ ಬೇರೆ ದಾರಿ ಹುಡುಕಿ. ಗ್ರಂಥಾಲಯದ ಗೋಡೆಗೆ ತಿಂಗಳಿಗೊಂದು ಗೋಡೆಪತ್ರಿಕೆ, ನಿವಾಸಿಗಳ ಸಂಘದ ಸಭೆಯಲ್ಲಿ ಓದುವುದು, ಊರಿನ ಪತ್ರಿಕೆಗೆ ಕೊಡುವುದು. ಯೂಟ್ಯೂಬ್‌ಗೆ ಹಾಕುವುದಾದರೆ ಸ್ಟೇಷನ್ ಹೆಸರಲ್ಲಿ ಬೇಡ. ಅಲ್ಲೂ ಹೇಳೋರು ಕೇಳೋರು ಇಲ್ಲ ಅಂದುಕೊಳ್ಳಬೇಡಿ, ಡಿಜಿಟಲ್ ಸುದ್ದಿಗೆ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಿವೆ, ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಅಂಥ ಮಗುವಿನ ಶಾಲೆ, ಮನೆ ಯಾವುದೂ ಎಲ್ಲಿಯೂ ಬರಕೂಡದು. ಇದರಲ್ಲಿ ಚರ್ಚೆಯೇ ಇಲ್ಲ.

ಚರಂಡಿಯಂಥ ವಿಷಯಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕುವುದನ್ನು ತಂಡದ ಎಲ್ಲರಿಗೂ ಕಲಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಈ 150 ಪದದ ಮಿತಿಯನ್ನು ಬೈಯುವವರು ಜಾಸ್ತಿ, ನಾನೂ ಬೈದಿದ್ದೇನೆ. ಆದರೆ ಹೊಸಬರಿಗೆ ಅಡ್ಡಾದಿಡ್ಡಿ ಮಾತು ಬಿಟ್ಟು ನೇರವಾಗಿ ಕೇಳುವುದನ್ನು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಕ್ಕಿಲ್ಲ.

ತಂಡ ನಡೆಸುವ ಬಗ್ಗೆ ಎರಡು ಮಾತು. ಕ್ಯಾಮೆರಾ, ಮೈಕ್ ಅಂತ ದುಡ್ಡು ಸುರಿಯಬೇಡಿ, ಮೊಬೈಲ್ ಸಾಕು. ದುಡ್ಡಿದ್ದರೆ ವಾರಕ್ಕೆ ಎರಡು ಸಂಜೆ ಕೂತು ಪ್ರತಿಯೊಬ್ಬರ ವರದಿಯನ್ನೂ ಕೇಳಿ ತಿದ್ದುವ ಒಬ್ಬರಿಗೆ ಕೊಡಿ. ಮೊದಲ ತಿಂಗಳು ಇಪ್ಪತ್ತು ಜನ ಬರುತ್ತಾರೆ, ಮೂರನೇ ತಿಂಗಳಿಗೆ ಐದಾರು ಜನ ಉಳಿದರೆ ಅದೃಷ್ಟ. ಬಿಟ್ಟು ಹೋದವರನ್ನು ಕೇಳಿ ನೋಡಿ, "ಕೊಟ್ಟ ವರದಿ ಏನಾಯ್ತು ಅಂತ ಯಾರೂ ಹೇಳಲೇ ಇಲ್ಲ" ಅನ್ನುತ್ತಾರೆ. ಹಾಗಾಗಿ ಹಾಕದಿದ್ದರೂ ಪರವಾಗಿಲ್ಲ, ಯಾಕೆ ಹಾಕಲಿಲ್ಲ ಅಂತ ಫೋನ್ ಮಾಡಿ ಹೇಳಿ. ಪ್ರಸಾರವಾದ ಎಲ್ಲವನ್ನೂ ಸ್ಟೇಷನ್ ಮೂರು ತಿಂಗಳು ಜೋಪಾನವಾಗಿ ಇಡಬೇಕು ಅಂತ ನೀತಿಯಲ್ಲೇ ಇದೆ, ನೀವು ಮೂಲ ರೆಕಾರ್ಡಿಂಗನ್ನೂ ಅದರ ಜೊತೆ ಇಟ್ಟುಕೊಳ್ಳಿ. "ನಾನು ಹಾಗೆ ಹೇಳೇ ಇಲ್ಲ" ಅನ್ನುವವರು ಬಂದೇ ಬರುತ್ತಾರೆ.

ಕೊನೆಗೆ ಚುನಾವಣೆ. ಆಗ ಅಭ್ಯರ್ಥಿಗಳು ಸಂದರ್ಶನ ಕೊಡುತ್ತೇವೆ ಅಂತ ಬರುವುದಿಲ್ಲ, ಅವರಿಗೂ ನಿಯಮ ಗೊತ್ತು. ಒಬ್ಬರು ಭಜನೆ ಹಾಡಲು ಬರುತ್ತಾರೆ, ಇನ್ನೊಬ್ಬರು ರಕ್ತದಾನದ ಬಗ್ಗೆ ಸುಮ್ನೆ ಎರಡು ನಿಮಿಷ ಮಾತಾಡುತ್ತೇನೆ ಅನ್ನುತ್ತಾರೆ. ಕೂರಿಸಿ, ಟೀ ಕೊಡಿ. ಸ್ಟುಡಿಯೋ ಬಾಗಿಲು ಮಾತ್ರ ಫಲಿತಾಂಶ ಬರುವ ತನಕ ಮುಚ್ಚಿರಲಿ.