ಕೀಲುನೋವಿನ ಹಿಂದೆ ಅಡಗಿದ್ದ ಕರುಳಿನ ಕಾಯಿಲೆ

ಇವತ್ತು ಮೊಣಕಾಲು ಊದಿಕೊಂಡಿರುತ್ತದೆ. ನಾಲ್ಕು ದಿನ ಬಿಟ್ಟರೆ ಅದು ಇಳಿದು ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಸಂಧಿವಾತ ಪತ್ತೆಗೆ ಮಾಡುವ ರಕ್ತಪರೀಕ್ಷೆ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್, ಎಕ್ಸ್‌ರೇನಲ್ಲೂ ಅಂಥದ್ದೇನಿಲ್ಲ. ಹೀಗೇ ಎಷ್ಟೋ ವರ್ಷ ನರಳಿ, ಕೊನೆಗೆ ಭೇದಿ ಶುರುವಾಗಿ ಮೈ ಇಳಿದು ಹೋದಾಗ ಗೊತ್ತಾಗುತ್ತದೆ, ಇದು ವಿಪಲ್ ಕಾಯಿಲೆ ಅಂತ. ತುಂಬಾ ಅಪರೂಪದ್ದು, ನಡುವಯಸ್ಸಿನ ಗಂಡಸರಲ್ಲೇ ಜಾಸ್ತಿ.

1907ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ವಿಪಲ್ ಇದನ್ನು ಮೊದಲು ವಿವರಿಸಿದರು. ತೀರಿಕೊಂಡ ರೋಗಿಗೆ 36 ವರ್ಷ, ಅವರೂ ಡಾಕ್ಟರೇ. ಶವಪರೀಕ್ಷೆಯಲ್ಲಿ ಕರುಳಿನ ಗೋಡೆಯಲ್ಲೆಲ್ಲ ಕೊಬ್ಬು ತುಂಬಿತ್ತು. ಹಾಗಾಗಿ ಕೊಬ್ಬಿನದೇ ತೊಂದರೆ ಇರಬೇಕೆಂದು ‘ಇಂಟೆಸ್ಟೈನಲ್ ಲಿಪೋಡಿಸ್ಟ್ರೋಫಿ’ (ಕರುಳಿನ ಕೊಬ್ಬಿನ ದೋಷ) ಎಂಬ ಹೆಸರಿಟ್ಟರು. ಬೆಳ್ಳಿಯ ಲವಣದಿಂದ ಬಣ್ಣ ಹಾಕಿದ ಅಂಗಾಂಶದ ತುಣುಕಿನಲ್ಲಿ ಕಡ್ಡಿಯಂಥ ಜೀವಿಗಳು ಕಂಡಿದ್ದವು, ಅದನ್ನೂ ಬರೆದಿಟ್ಟರು. ಆ ರೋಗಿಯ ಕಷ್ಟ ಶುರುವಾಗಿದ್ದು ಕೀಲುನೋವಿನಿಂದಲೇ. ಹೆಸರಿನಲ್ಲಿ ಮಾತ್ರ ಕರುಳು ಉಳಿಯಿತು, ಕೀಲು ಮರೆತೇಹೋಯಿತು.

1949ರಲ್ಲಿ ಪಿಎಎಸ್ ಎಂಬ ಬಣ್ಣ ಹಾಕಿದಾಗ ಕರುಳಿನ ಮ್ಯಾಕ್ರೋಫೇಜ್‌ಗಳು (ರೋಗಾಣುಗಳನ್ನು ನುಂಗುವ ಜೀವಕೋಶಗಳು) ಕೆನ್ನೇರಳೆಯಾಗಿ ಎದ್ದು ಕಂಡವು. 1952ರಲ್ಲಿ ಆಂಟಿಬಯೋಟಿಕ್ ಕೊಟ್ಟ ರೋಗಿ ಚೇತರಿಸಿಕೊಂಡರು. 1961ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬ್ಯಾಕ್ಟೀರಿಯಾವನ್ನೇ ತೋರಿಸಿತು. ಆದರೂ ಅದನ್ನು ಲ್ಯಾಬಿನಲ್ಲಿ ಬೆಳೆಸಲು 2000ದವರೆಗೆ ಕಾಯಬೇಕಾಯಿತು. ಫ್ರಾನ್ಸಿನ ಮಾರ್ಸೇಯ ತಂಡ ಒಬ್ಬ ರೋಗಿಯ ಹೃದಯದ ಕವಾಟದಿಂದ ತೆಗೆದು ಬೆಳೆಸಿದ ಈ ಟ್ರೊಫೆರಿಮಾ ವಿಪ್ಲೈ, ಒಂದು ಎರಡಾಗಲು ಹತ್ತಿರಹತ್ತಿರ 18 ದಿನ ತೆಗೆದುಕೊಂಡಿತು! ಅಷ್ಟು ನಿಧಾನ. ಕರುಳಷ್ಟೇ ಅಲ್ಲ, ಹೃದಯ, ಮೆದುಳು, ಕಣ್ಣು ಎಲ್ಲೆಲ್ಲೂ ಸೇರಿಕೊಳ್ಳಬಲ್ಲದು.

ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲಿ. ಸಂಧಿವಾತ ಎಂದುಕೊಂಡು ಸ್ಟೀರಾಯ್ಡ್ ಕೊಡುತ್ತಾರೆ, ಆಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇಂಜೆಕ್ಷನ್. ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದುಕೊಟ್ಟಂತೆಯೇ ಅಲ್ವಾ? ಆ ಔಷಧ ಕೊಟ್ಟ ಮೇಲೆ ಕಾಯಿಲೆ ಇನ್ನೂ ಬಿಗಡಾಯಿಸಿದ್ದೇ ಎಷ್ಟೋ ಸಲ ಮೊದಲ ಸುಳಿವು.

ಸುಳಿವು ಸಿಕ್ಕರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾರು ಕಡೆ ಚೂರು ತೆಗೆಯುತ್ತಾರೆ. ಕಾಯಿಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಇರುವುದರಿಂದ ಒಂದು ಚೂರು ಸಾಲದು. ಕರುಳಿನಲ್ಲಿ ಏನೂ ಸಿಗದಿದ್ದರೂ ಕೀಲಿನ ನೀರಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಪಾಸಿಟಿವ್ ಬರುವುದುಂಟು. ಬರೀ ಮಲ, ಜೊಲ್ಲಿನ ಪರೀಕ್ಷೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಆರೋಗ್ಯವಾಗಿರುವ ಕೆಲವರಲ್ಲೂ ಈ ಬ್ಯಾಕ್ಟೀರಿಯಾ ಸುಮ್ನೆ ಇರುತ್ತದೆ. ಖಚಿತವಾದರೆ ಸಾಮಾನ್ಯವಾಗಿ ಎರಡು ವಾರ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಆಮೇಲೆ ಒಂದು ವರ್ಷ ಮಾತ್ರೆ. ವರ್ಷಗಟ್ಟಲೆ ಕಾಡಿದ ಕೀಲುನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ.